ಗಂಟು ಕಟ್ಟುವ ಹೊತ್ತು

ಹೆಣಿಗೆಯಲ್ಲಿ ಗಂಟು ಬಿದ್ದರೆ ದೋಷ. ಮನೆ ಬಿಡುವಾಗ ಗಂಟು ಕಟ್ಟದಿದ್ದರೆ ದೋಷ. ಎರಡೂ ಒಂದೇ ಕೈಯ ಕೆಲಸ.

ಕನ್ನಡ ನೆಲೆಗೆ ಬೀಡು ಎಂದು ಹೆಸರಿಟ್ಟಿತು. ಬೀಡು ಹುಟ್ಟಿದ್ದು ಬಿಡು ಎಂಬ ಮಾತಿನಿಂದ. ಬಿಡುವ ದಿನ ಬಂದಾಗ ಬೆಚ್ಚುವವರು ತಮ್ಮ ಭಾಷೆಯನ್ನೇ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.

ಕ್ವಾರ್ಟರ್ಸ್ ಮನೆಯಲ್ಲಿ ಬೀಗ ಕಂಪನಿಯದು, ಬೀಗದ ಕೈ ನೌಕರನದು. ನಿವೃತ್ತಿಯಾದ ಮೇಲೆ ಎರಡೂ ಒಂದೇ ಮೇಜಿನ ಮೇಲೆ ಸೇರುತ್ತವೆ.

ನಿವೃತ್ತಿಯ ಕಾಗದದಲ್ಲಿ ಒಂದೇ ಹೆಸರು. ಮನೆ ಬಿಡುವವರ ಪಟ್ಟಿಯಲ್ಲಿ ಹೆಂಡತಿ, ತುಳಸಿ ಕಟ್ಟೆ, ನಾಲ್ಕು ಬೆಕ್ಕು, ಅರ್ಧ ಹೆಣೆದ ಸ್ವೆಟರ್. ಕಟ್ಟೆಯನ್ನು ಹೊರಲಾಗದು. ತುಳಸಿಯನ್ನು ಹೊರಬಹುದು.

ಕ್ವಾರ್ಟರ್ಸ್ ಕೊಟ್ಟ ಕಾರ್ಖಾನೆಯ ಹೆಸರಿನಲ್ಲಿ ಹರಿಹರ, ಕಾರ್ಖಾನೆಯ ನೆಲ ಕುಮಾರಪಟ್ಟಣ. ನಡುವೆ ತುಂಗಭದ್ರೆ. ಹೆಸರೊಂದು ದಡದಲ್ಲಿ, ಮೈಯೊಂದು ದಡದಲ್ಲಿ ಇಟ್ಟು ಬಾಳುವುದು ಹೊಸತೇನಲ್ಲ. ಕೊಟ್ಟ ಮನೆಗೆ ಹೋದ ಹೆಣ್ಣುಮಕ್ಕಳೆಲ್ಲ ಹಾಗೆಯೇ ಬಾಳಿದ್ದಾರೆ.

1956ರವರೆಗೆ ಈ ದಡ ಮುಂಬಯಿ, ಆ ದಡ ಮೈಸೂರು. 1997ರವರೆಗೆ ಈ ದಡ ಧಾರವಾಡ ಜಿಲ್ಲೆ, ಆ ದಡ ಚಿತ್ರದುರ್ಗ. ಈಗ ಹಾವೇರಿ, ದಾವಣಗೆರೆ. ಒಂದು ತಂಬಿಗೆಯೂ ಕದಲದೆ ಈ ಸೀಮೆ ಎರಡು ಸಲ ಬಿಡಾರ ಬದಲಿಸಿತು. ಬೆಕ್ಕುಗಳಿಗೆ ಯಾರೂ ಹೇಳಲಿಲ್ಲ. ಅವು ಕೇಳಲೂ ಇಲ್ಲ.

ಈಗ ಹೋಗುವುದು ಧಾರವಾಡಕ್ಕೆ. ಜಿಲ್ಲೆ ಮನೆಯನ್ನು ಬಿಟ್ಟು ಹೋಗಿತ್ತು. ಮನೆ ಜಿಲ್ಲೆಯನ್ನು ಹುಡುಕಿಕೊಂಡು ಹೊರಟಿತು.

ನಾಯಿ ಮನುಷ್ಯನನ್ನು ನೆಚ್ಚಿತು, ಬೆಕ್ಕು ಮನೆಯನ್ನು ನೆಚ್ಚಿತು ಎನ್ನುತ್ತಾರೆ. ಯಾರ ನೆಚ್ಚಿಕೆ ಗಟ್ಟಿ ಎಂಬುದನ್ನು ವರ್ಗಾವಣೆಯ ನೌಕರಿ ಮಾಡಿದವರನ್ನು ಕೇಳಬೇಕು.

ಬೆಕ್ಕು ಬಾಗಿಲ ಚೌಕಟ್ಟಿಗೆ ಗಲ್ಲ ಉಜ್ಜುವುದು ಮುದ್ದಿಗಲ್ಲ, ರುಜುವಿಗೆ. ಯಾವ ನೋಂದಣಿ ಕಚೇರಿಯಲ್ಲೂ ಇಲ್ಲದ ಹಕ್ಕುಪತ್ರ ಈ ಮನೆಯ ಪ್ರತಿ ಮೂಲೆಯಲ್ಲೂ ಇದೆ, ನೆಲದಿಂದ ಒಂದು ಗೇಣು ಎತ್ತರದಲ್ಲಿ.

ಸುಣ್ಣ ಬಳಿದು ಮನೆ ಒಪ್ಪಿಸಬೇಕು. ಸುಣ್ಣ ಮನುಷ್ಯರ ಗುರುತನ್ನು ಅಳಿಸುತ್ತದೆ.

ರಾಣೆಬೆನ್ನೂರು ಸೀಮೆಯಲ್ಲಿ ಚಳಿ ಎಂದರೆ ಸಂಕ್ರಾಂತಿಯ ಆಚೀಚೆ ಕೆಲವು ಬೆಳಗು. ಅಷ್ಟಕ್ಕೆ ಮೂವತ್ತು ವರ್ಷ ಸ್ವೆಟರ್ ಹೆಣೆದದ್ದಾಯಿತು. ಬೇಕಾದ್ದನ್ನು ಮಾಡುವುದು ಕೆಲಸ. ಬೇಡದ್ದನ್ನು ತಪ್ಪಿಲ್ಲದೆ ಮಾಡುವುದು ಹವ್ಯಾಸ.

ಹವ್ಯಾಸಕ್ಕೆ ನಿವೃತ್ತಿ ಇಲ್ಲ. ಅದಕ್ಕೆ ಪಿಂಚಣಿಯೂ ಇಲ್ಲ.

ಹೆಣಿಗೆ ಕಡ್ಡಿಗೆ ಅಂಕಿ ಏರಿದಂತೆ ದಪ್ಪ ಇಳಿಯುತ್ತದೆ. 8 ನಂಬರಿನದು 4 ಮಿಲಿಮೀಟರ್, 12 ನಂಬರಿನದು ಮೂರಕ್ಕೂ ಕಡಿಮೆ. ವಯಸ್ಸಿಗೂ ಇದೇ ಲೆಕ್ಕ ಎಂದು ಕನ್ನಡಿ ಹೇಳುತ್ತದೆ; ಮಂಡಿ ಒಪ್ಪುವುದಿಲ್ಲ.

ನೇಯ್ಗೆಗೆ ಎರಡು ಎಳೆ: ಹಾಸು, ಹೊಕ್ಕು. ಹೆಣಿಗೆಗೆ ಒಂದೇ ಎಳೆ, ತನ್ನ ಕೈಯನ್ನು ತಾನೇ ಹಿಡಿದದ್ದು.

ನೇಯ್ದದ್ದನ್ನು ಹರಿಯಬಹುದು. ಹೆಣೆದದ್ದನ್ನು ಹರಿಯಬೇಕಿಲ್ಲ, ತುದಿ ಸಿಕ್ಕರೆ ಸಾಕು.

ಮೆಡ್ಲೇರಿಯಲ್ಲಿ ಕಂಬಳಿ ನೇಯುವವನ ಮಗ್ಗ ನೆಲದ ಕುಳಿಯಲ್ಲಿದೆ. ಊರು ಬಿಟ್ಟರೆ ಮಗ್ಗ ಬಿಡಬೇಕು. ಹೆಣೆಯುವವಳ ಮಗ್ಗ ಎರಡು ಕಡ್ಡಿ. ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲೂ ನಡೆಯುತ್ತದೆ. ಆದರೆ ನೆಲಕ್ಕೆ ಹೂತ ಮಗ್ಗದ ಕಂಬಳಿ ಕುರಿಗಾಹಿಯ ಹೆಗಲೇರಿ ನಾಡೆಲ್ಲ ತಿರುಗಿತು. ಎಲ್ಲಿಗೆ ಬೇಕಾದರೂ ಹೋಗಬಲ್ಲ ಕಡ್ಡಿಯ ಸ್ವೆಟರ್ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಕೂತಿತು.

ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವ ಕುಡಿದೂ ಒದ್ದೆಯೆನಿಸುವುದಿಲ್ಲ. ಹಳೆಯ ಕಾಲದ ಸೊಸೆಯಂದಿರಿಗೆ ಇದು ಹೊಸ ಸುದ್ದಿಯಲ್ಲ.

ಈ ಊರಿನ ಎಳೆ ಮರದಿಂದ ಹುಟ್ಟುತ್ತದೆ. ಮರದ ತಿರುಳು ಕ್ಷಾರದಲ್ಲಿ ನೆನೆಯುತ್ತದೆ, ಕಾರ್ಬನ್ ಡೈಸಲ್ಫೈಡ್ ಸೇರಿ ರೂಪ ಬದಲಿಸುತ್ತದೆ, ಕರಗಿ ಜೇನಿನಂತೆ ಮಂದವಾಗುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿಂದ ಗಂಧಕಾಮ್ಲದ ತೊಟ್ಟಿಗೆ ಇಳಿಯುತ್ತದೆ. ಇಳಿದದ್ದು ಎಳೆ. ಇಲ್ಲಿ 1972ರಲ್ಲಿ ತಿರುಳು ಮೊದಲಾಯಿತು, 1977ರಲ್ಲಿ ಎಳೆ. ಗಟ್ಟಿಯಾದದ್ದು ಮೆತ್ತಗಾಗಬೇಕಾದರೆ ನಡುವೆ ಒಮ್ಮೆ ಏನೂ ಅಲ್ಲದ ಸ್ಥಿತಿ ಬರಲೇಬೇಕು.

ಆ ಸ್ಥಿತಿಯಲ್ಲಿ ಅದು ಮರವೂ ಅಲ್ಲ, ಬಟ್ಟೆಯೂ ಅಲ್ಲ. ಸಾಮಾನು ಕಟ್ಟಿ ಲಾರಿ ಬರದ ಮನೆ ಹಾಗೆಯೇ ಇರುತ್ತದೆ.

ಮರದ ಎಳೆ ನುಣುಪು, ತಂಪು. ಒದ್ದೆಯಾದರೆ ಜೋತು ಬೀಳುತ್ತದೆ. ಸ್ವೆಟರಿಗೆ ಒಗ್ಗದು. ಎಳೆಯ ಕಾರ್ಖಾನೆಯ ಕಾಲೊನಿಯಲ್ಲಿದ್ದವಳು ಉಲನ್ ತರಲು ಸೇತುವೆ ದಾಟಿ ಹರಿಹರಕ್ಕೆ ಹೋಗಬೇಕಿತ್ತು. ಕಣಜದ ಪಕ್ಕದ ಮನೆಯವರು ಅಕ್ಕಿ ಕಡ ಕೇಳಿದಂತೆ.

1987ರ ನವೆಂಬರ್ 14ರಂದು ಕುಸನೂರಿನ ಗೋಮಾಳದಲ್ಲಿ ಜನ ಈ ಕಾರ್ಖಾನೆಯ ತಿರುಳಿಗೆಂದು ನೆಟ್ಟ ನೀಲಗಿರಿ ಸಸಿ ಕಿತ್ತರು, ತಮಗೆ ಬೇಕಾದ ಗಿಡ ನೆಟ್ಟರು. ಹೋರಾಟದ ಹೆಸರೇ ಕಿತ್ತಿಕೋ ಹಚ್ಚಿಕೋ. ಆ ನೆಲ ಯಾರದೆಂಬ ಪ್ರಶ್ನೆ ಹೊತ್ತು ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದರು. ಕೀಳುವವರನ್ನು ಊರು ಬಹಳ ಕಂಡಿದೆ. ಕಿತ್ತ ಕುಣಿ ಆರುವ ಮೊದಲೇ ಹಚ್ಚಿದವರು ಕಡಿಮೆ.

ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ ಹುರಿಗೊಳ್ಳುತ್ತವೆ. ಕುಮಾರಪಟ್ಟಣ ಮುಟ್ಟುವ ಹೊತ್ತಿಗೆ ಯಾವ ನೀರು ಯಾರದೆಂದು ನದಿಗೇ ತಿಳಿಯದು. ಈ ಸೀಮೆಯಲ್ಲಿ ಬಿಚ್ಚಲಾಗದ ಹೆಣಿಗೆ ಅದೊಂದೇ.

ಸೀದಾ, ಉಲ್ಟಾ. ಹೆಣಿಗೆಯ ವರ್ಣಮಾಲೆಯಲ್ಲಿ ಎರಡೇ ಅಕ್ಷರ. ಅವೂ ಒಂದೇ ಅಕ್ಷರದ ಎರಡು ಮುಖ.

ನದಿಯಾಚೆ ಹರಿಹರೇಶ್ವರನ ಗುಡಿ. 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಒಂದೇ ವಿಗ್ರಹದಲ್ಲಿ ಅರ್ಧ ಹರ, ಅರ್ಧ ಹರಿ. ವಾದ ಮಾಡುವವರು ಅರ್ಧಗಳನ್ನು ನೋಡಿದರು. ಶಿಲ್ಪಿಯ ಕಷ್ಟವೆಲ್ಲ ನಡುವಿನ ಗೆರೆಯಲ್ಲಿತ್ತು.

ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎನ್ನುತ್ತಾರೆ. ಏಳನೆಯ ಮನೆ ಮೊದಲನೆಯದಕ್ಕಿಂತ ಚೆಂದವೆಂದು ಯಾರೂ ಹೇಳಿಲ್ಲ. ತಾಯಿ ಹುಡುಕಿದ್ದು ಚೆಂದದ ಮನೆಯನ್ನಲ್ಲ, ಯಾರಿಗೂ ಗೊತ್ತಿಲ್ಲದ ಮನೆಯನ್ನು.

ಶ್ರೀವೈಷ್ಣವರು ಶರಣಾಗತಿಯನ್ನು ಎರಡು ಪ್ರಾಣಿಗಳಲ್ಲಿ ಹೇಳಿದರು. ಮಂಗನ ಮರಿ ತಾನೇ ತಾಯಿಯನ್ನು ತಬ್ಬುತ್ತದೆ; ಅದು ವಡಗಲೆಯವರ ಮರ್ಕಟ ನ್ಯಾಯ. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಒಯ್ಯುತ್ತದೆ; ಅದು ತೆಂಗಲೆಯವರ ಮಾರ್ಜಾಲ ನ್ಯಾಯ. ಮನೆ ಬದಲಿಸುವ ವಾರದಲ್ಲಿ ಗಂಡಸರೆಲ್ಲ ತೆಂಗಲೆ.

ಮರಿಯನ್ನು ಒಯ್ಯುವ ಹಲ್ಲೂ ಇಲಿಯನ್ನು ಕೊಲ್ಲುವ ಹಲ್ಲೂ ಒಂದೇ. ಬೇರೆಯಾದದ್ದು ಬಿಗಿ. ಎಳೆ ಬಿಗಿದರೆ ಬಟ್ಟೆ ಹಲಗೆ, ಸಡಿಲಿಸಿದರೆ ಬಲೆ. ನಡುವೆ ಎಲ್ಲೋ ಸ್ವೆಟರ್ ಇದೆ.

ಎಣಿಕೆ ತಪ್ಪಿದರೆ ಬೆಕ್ಕಿನ ಮೇಲೆ ಹಾಕಬಹುದು. ಬೆಕ್ಕಿಲ್ಲದ ಮನೆಯಲ್ಲಿ ಹೆಣೆಯುವವರಿಗೆ ಈ ಸೌಲಭ್ಯವಿಲ್ಲ.

ಉರುಳುವ ಉಂಡೆಯ ಮೇಲೆ ಬೆಕ್ಕಿಗೆ ಆಸೆ. ಹಿಡಿದ ಮೇಲೆ ಆಸೆ ಇಲ್ಲ. ಮನೆಯಲ್ಲಿ ಮುಗಿಯದ ಹೆಣಿಗೆಗಳನ್ನು ಎಣಿಸಿ ನೋಡಿದವಳು ಬೆಕ್ಕನ್ನು ಬಯ್ಯುವುದು ಬಿಟ್ಟಳು.

ಆಟದಲ್ಲಿ ನುಂಗಿದ ಒಂದು ಮೊಳ ದಾರ ಬೆಕ್ಕಿನ ಕರುಳನ್ನು ಗರಗಸದಂತೆ ಕೊಯ್ಯಬಲ್ಲದು. ಬಾಯಿಂದ ತುದಿ ಕಂಡರೆ ಎಳೆಯಬಾರದು, ದನದ ದವಾಖಾನೆಗೆ ಒಯ್ಯಬೇಕು. ಚಿತ್ರಗಳಲ್ಲಿ ಬೆಕ್ಕಿನ ಪಕ್ಕ ಉಂಡೆ ಬರೆದವರಾರೂ ಹೆಣೆದವರಲ್ಲ.

ಮಲಗಿದ ಬೆಕ್ಕು ಉಣ್ಣೆಯನ್ನು ಮುಂಗಾಲಿನಿಂದ ನಾದುತ್ತದೆ, ಎಳೆಮರಿಯಾಗಿದ್ದಾಗ ತಾಯಿಯ ಹೊಟ್ಟೆ ನಾದಿದಂತೆ. ಕುರಿಯ ಕೂದಲಿನಲ್ಲಿ ತಾಯಿಯ ಹುಡುಕಾಟ. ಪಕ್ಕದಲ್ಲಿ ಕೂತು ಅಮ್ಮ ಕಲಿಸಿದ ಮಾದರಿಯನ್ನೇ ನಲವತ್ತನೆಯ ಸಲ ಹಾಕುತ್ತಿರುವ ಕೈಗೆ ನಗುವ ಹಕ್ಕಿಲ್ಲ.

ಕನ್ನಡದಲ್ಲಿ ಎಳೆ ಎಂದರೆ ದಾರ. ಎಳೆ ಎಂದರೆ ಎಳೆಯ ವಯಸ್ಸು. ಎಳೆ ಎಂದರೆ ಸೆಳೆ. ಎಳೆಯದನ್ನು ಎಳೆಯಬಾರದೆಂಬುದಕ್ಕೆ ಬೇರೆ ಗಾದೆ ಬೇಕಿಲ್ಲ.

ಮೂರು ಬಣ್ಣದ ಬೆಕ್ಕು ಬಹುತೇಕ ಹೆಣ್ಣೇ. ಅದರ ಒಂದೊಂದು ಜೀವಕೋಶವೂ ಎರಡು ಎಕ್ಸ್ ವರ್ಣತಂತುಗಳಲ್ಲಿ ಒಂದನ್ನು ಸುಮ್ಮನಾಗಿಸುತ್ತದೆ. ಇಲ್ಲಿ ಕೆಂಪು ಮಾತಾಡಿತು, ಅಲ್ಲಿ ಕಪ್ಪು. 1961ರಲ್ಲಿ ತಳಿವಿಜ್ಞಾನಿ ಮೇರಿ ಲಯನ್ ಇದನ್ನು ಹೇಳಿದಳು, ಇಲಿಯ ಮೈಬಣ್ಣ ನೋಡಿ. ಚೆಲುವಿಗೆ ಎಷ್ಟೊಂದು ಮೌನ ಬೇಕು.

ಒಂದೇ ಬಣ್ಣದ ಉಲನ್ ಬೇಕಾದಷ್ಟನ್ನು ಒಮ್ಮೆಗೇ ಕೊಳ್ಳಬೇಕು. ಬಣ್ಣದ ಹೆಸರು ಅದೇ ಇರುತ್ತದೆ, ಅಂಗಡಿಯೂ ಅದೇ. ಲಾಟ್ ನಂಬರ್ ಬದಲಾದರೆ ತೋಳಿಗೊಂದು ಕೆಂಪು, ಎದೆಗೊಂದು ಕೆಂಪು. ದೂರದಿಂದ ಕಾಣುವುದಿಲ್ಲ ಎಂದು ಸಮಾಧಾನ ಹೇಳುವವರು ಹತ್ತಿರದವರೇ.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ದೊಡ್ಡ ದನಿಯ ಗಂಡಸರಲ್ಲಿ ಈ ತಳಿ ಸಿಗುತ್ತದೆ.

ಅದೇ ಮೆಣಸಿನಕಾಯಿಯ ಡಬ್ಬ ಬಿಚ್ಚಿ ಕಟ್ಟಿದ ದಿನ ನಾಲ್ಕೂ ಬೆಕ್ಕು ಸೀನುತ್ತ ಹಿತ್ತಲಿಗೆ ಹೋದವು. ಮನೆ ಬಿಡುವುದನ್ನು ಅವಕ್ಕೆ ಮೊದಲು ಹೇಳಿದ್ದು ಮೆಣಸಿನಕಾಯಿ.

ಮಂಚ ಎತ್ತಿದ ದಿನ ಮನೆಯ ಚರಿತ್ರೆ ಕೈಗೆ ಸಿಗುತ್ತದೆ. ಈ ಮಂಚದ ಕೆಳಗೆ ಸಿಕ್ಕದ್ದು: ಮೂರು ಉಂಡೆ, ಒಂದು ಹಸಿರು, ಎರಡು ಯಾವ ಬಣ್ಣವೆಂದು ಧೂಳಿಗೇ ಗೊತ್ತು. 10 ನಂಬರಿನ ಒಂಟಿ ಕಡ್ಡಿ. ಅದರ ಜೊತೆಯದನ್ನು ಒಂಟಿಯೆಂದು ಬಯ್ದು ಎಸೆದು ವರ್ಷಗಳಾಗಿವೆ. ಅಂಗಿಯ ಗುಂಡಿ ಐದು. ಒಣಗಿದ ಹಲ್ಲಿಯ ಬಾಲ. ಉಂಡೆಕಟ್ಟಿದ ಬೆಕ್ಕಿನ ಕೂದಲು, ನಾಲ್ಕು ಬಣ್ಣ ಸೇರಿ ಬೂದಿಯಾದದ್ದು, ಕೈಯಲ್ಲಿ ಹೊಸೆದರೆ ಎಳೆಯಾಗುವಷ್ಟು. ಹೊಸೆದಾಯಿತು. ಒಂದು ಗೇಣು ಬಂತು.

ಕಳೆದುಹೋದದ್ದು ಎಂದರೆ ಹೆಚ್ಚಿನ ಪಾಲು ಮಂಚದ ಕೆಳಗಿರುವುದು.

ಬೆಲೆಬಾಳುವುದನ್ನು ರಟ್ಟಿನ ಡಬ್ಬಿಯಲ್ಲಿಡುತ್ತಾರೆ. ಬೆಕ್ಕು ಖಾಲಿ ಡಬ್ಬಿಯಲ್ಲಿ ತಾನೇ ಕೂರುತ್ತದೆ. ಇಬ್ಬರ ಅಭಿಪ್ರಾಯವೂ ಒಂದೇ.

'ಗಾಜು, ಜೋಪಾನ' ಎಂದು ಬರೆದ ಡಬ್ಬಿಯಲ್ಲಿ ಕರಿ ಬೆಕ್ಕು ಮಲಗಿತ್ತು. ಬರಹ ಅಳಿಸಬೇಕಾಗಲಿಲ್ಲ.

ಇಪ್ಪತ್ತು ವರ್ಷದ ಮರೂನ್ ಸ್ವೆಟರ್ ಹೊಸ ಮನೆಗೆ ಬರುವುದಿಲ್ಲ. ಅದರ ಎಳೆ ಬರುತ್ತದೆ. ಬಿಚ್ಚುವುದಕ್ಕೂ ಕ್ರಮವಿದೆ. ಮೊದಲು ಬಗಲಿನ ಹೊಲಿಗೆ, ಆಮೇಲೆ ತೋಳು, ಕೊನೆಗೆ ಎದೆ. ಹೆಣಿಗೆ ಶುರುವಾದ ಕಡೆಯಿಂದ ಬಿಚ್ಚಲು ಹೋದರೆ ಸಿಕ್ಕು. ಮುಗಿಸಿದ ಕಡೆಯಿಂದ ಎಳೆದರೆ ಸರಸರ. ಬಂದ ಎಳೆಯೆಲ್ಲ ಸುಕ್ಕು ಸುಕ್ಕು, ಶ್ಯಾವಿಗೆಯಂತೆ. ಮೊಣಕೈಯಿದ್ದ ಜಾಗದಲ್ಲಿ ಸವೆದು ಸಪೂರ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡದೆ ಹಗ್ಗಕ್ಕೆ ಇಳಿಬಿಟ್ಟು, ಕೆಳಗೆ ಒಂದು ಹಿತ್ತಾಳೆ ತಂಬಿಗೆ ತೂಗುಹಾಕಬೇಕು. ಮರುದಿನ ಎಳೆ ನೆಟ್ಟಗೆ. ಇಪ್ಪತ್ತು ವರ್ಷ ಒಂದೇ ಎದೆಯ ಅಳತೆಯಲ್ಲಿದ್ದದ್ದನ್ನು ಮರೆಯಲು ನೀರು, ಭಾರ, ಒಂದು ರಾತ್ರಿ.

ರಾತ್ರಿ ಕರಿ ಬೆಕ್ಕು ತಂಬಿಗೆಯನ್ನು ತಟ್ಟಿತು. ಲಡಿ ಗಿರಗಿರ ತಿರುಗಿ ಹುರಿಯೇರಿತು. ಮರೆವಿಗೂ ಕಾವಲು ಬೇಕು.

ಎಳೆಗೆ ಒಂದು ರಾತ್ರಿ ಕೊಡುತ್ತಾರೆ. ಬೆಕ್ಕಿಗೆ ಹೊಸ ಮನೆಯ ಬಾಗಿಲೊಳಗೆ ಎರಡು ಮೂರು ವಾರ. ನಿವೃತ್ತನಿಗೆ ಹಾರ ಹಾಕಿದ ಸಂಜೆಯಿಂದ ಮರುದಿನ ಬೆಳಗಿನವರೆಗೆ.

ಬೆಳಗಿನ ಪಾಳಿಯ ಹೊತ್ತಿಗೆ ಎಚ್ಚರಾಗುವ ಗಂಡಸು, ಊಟದ ಹೊತ್ತಿಗೆ ಬರುವ ಬೆಕ್ಕು. ಗಡಿಯಾರ ಕಟ್ಟಿಟ್ಟ ಮನೆಯಲ್ಲಿ ಇಬ್ಬರೂ ತಪ್ಪಲಿಲ್ಲ.

ಹಳೆ ಸೀರೆ ಕೌದಿಯಾಗುತ್ತದೆ. ಹಳೆ ಸ್ವೆಟರ್ ಕುಲಾಯಿಯಾಗುತ್ತದೆ. ಹಳೆ ಮನೆ ಮಾತ್ರ ಮತ್ತೊಬ್ಬರ ಹೊಸ ಮನೆ ಆಗುತ್ತದೆ.

ಪೆಟ್ಟಿಗೆಯ ತಳದಲ್ಲಿ ಒಂದು ಕುಲಾಯಿ ಸಿಕ್ಕಿತು. ಯಾವ ಕೂಸಿಗೆ ಹೆಣೆದದ್ದೋ ಆ ಕೂಸಿಗೆ ಈಗ ಗಡ್ಡವಿದೆ. ಹೆಣಿಗೆ ತಡವಾಗಿರಲಿಲ್ಲ, ಕೂಸು ಕಾಯಲಿಲ್ಲ. ಈಗ ಅದರಲ್ಲಿ ಬೆಕ್ಕು ತಲೆ ತೂರಿಸಿ ನೋಡಿತು. ಕಿವಿಗೆ ಜಾಗವಿರಲಿಲ್ಲ.

ಕೊಡುವ ಸಾಮಾನು, ಒಯ್ಯುವ ಸಾಮಾನು, ಎಸೆಯುವ ಸಾಮಾನು ಎಂದು ಮೂರು ರಾಶಿ ಮಾಡುತ್ತಾರೆ. ನಾಲ್ಕನೆಯದು ದೊಡ್ಡದಾಗುತ್ತ ಹೋಗುತ್ತದೆ: ನಾಳೆ ನೋಡೋಣ.

ಉಡುಗೊರೆ ಕೊಟ್ಟ ಸ್ವೆಟರನ್ನು ಹಾಕಿಕೊಂಡಿರಾ ಎಂದು ಕೇಳಬಾರದು. ಬೆಕ್ಕು ಇಲಿ ತಂದು ಕಾಲ ಬಳಿ ಇಡುತ್ತದೆ, ತಿಂದಿರಾ ಎಂದು ಕೇಳುವುದಿಲ್ಲ.

ಬಾಡದ ಕನಕ ಕಾಗಿನೆಲೆಗೆ ಬರುವಾಗ ಆದಿಕೇಶವನನ್ನೂ ಕರೆತಂದನೆಂದು ಐತಿಹ್ಯ. ದೇವರನ್ನೇ ಹೊತ್ತು ಊರು ಬದಲಿಸಿದ ಸೀಮೆಯಲ್ಲಿ ನಾಲ್ಕು ಬೆಕ್ಕು ಹೊರಲು ನಾಚುವುದೇಕೆ.

ಸರ್ವಜ್ಞನನ್ನು ಅಬಲೂರೂ ತನ್ನವನೆನ್ನುತ್ತದೆ, ಮಾಸೂರೂ ತನ್ನವನೆನ್ನುತ್ತದೆ. ಮನೆಯಿಲ್ಲದೆ ತಿರುಗಿದವನಿಗೆ ಎರಡೂರು. ಮನೆ ಕಟ್ಟಿಸಿ ಬಾಗಿಲಿಗೆ ಹೆಸರು ಕೆತ್ತಿಸಿದವರನ್ನು ಓಣಿಯ ಆ ತುದಿಯಲ್ಲಿ ಕೇಳಿದರೆ ಯಾರಿಗೂ ಗೊತ್ತಿಲ್ಲ.

ಅಂಬಿಗರ ಚೌಡಯ್ಯನ ಚೌಡದಾನಪುರ ಇದೇ ನದಿಯ ಕೆಳದಂಡೆಯಲ್ಲಿದೆ, ಇದೇ ತಾಲ್ಲೂಕಿನಲ್ಲಿ. ಜೀವಮಾನವೆಲ್ಲ ಜನರನ್ನು ದಡ ಮುಟ್ಟಿಸಿದವನು ತನ್ನದು ಯಾವ ದಡವೆಂದು ಲೆಕ್ಕ ಇಟ್ಟಿರಲಾರ. ದೋಣಿಗೆ ಮನೆ ನಂಬರಿಲ್ಲ.

ಹೊರಡುವಾಗ ಬೆಕ್ಕು ಅಡ್ಡ ಬಂದರೆ ಅಪಶಕುನ. ನಾಲ್ಕು ಬೆಕ್ಕಿನ ಮನೆಯಲ್ಲಿ ಅಡುಗೆಮನೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ಆರು ಅಪಶಕುನ. ಮೂವತ್ತು ವರ್ಷ ಅನ್ನ ಬೆಂದಿದೆ.

ಆಷಾಢದಲ್ಲಿ ಮನೆ ಬದಲಿಸುವುದಿಲ್ಲ. ನಿವೃತ್ತಿಯ ತಾರೀಖು ಹಾಕುವವರು ಪಂಚಾಂಗ ನೋಡುವುದಿಲ್ಲ. ನಡುವೆ ಸಿಕ್ಕಿಕೊಂಡವರು ಒಂದು ಹಾಲಿನ ತಂಬಿಗೆ, ಒಂದು ದೇವರ ಪಟ ಮೊದಲೇ ಹೊಸ ಮನೆಯಲ್ಲಿಟ್ಟು ಬಂದು, ಮನೆ ಬದಲಿಸಿಯಾಯಿತು ಎಂದು ಕಾಲಕ್ಕೆ ಸುಳ್ಳು ಹೇಳುತ್ತಾರೆ. ಕಾಲ ಒಪ್ಪುತ್ತದೆ. ಅದಕ್ಕೂ ಬೇರೆ ಕೆಲಸಗಳಿವೆ.

ಹೊಸ ಮನೆಯಲ್ಲಿ ಹಾಲು ಉಕ್ಕಿಸುತ್ತಾರೆ. ಉಕ್ಕಿದ್ದು ಬೆಂಕಿಗೆ, ಉಳಿದದ್ದು ಮನುಷ್ಯರಿಗೆ. ಬೆಕ್ಕಿಗೆ ಕೊಟ್ಟರೆ ಕುಡಿಯುತ್ತದೆ. ದೊಡ್ಡ ಬೆಕ್ಕಿಗೆ ಹಾಲು ಬಹಳ ಸಲ ಅರಗುವುದಿಲ್ಲ. ಇಷ್ಟವಾದದ್ದು ಒಗ್ಗುತ್ತದೆ ಎಂದು ಯಾರು ಹೇಳಿದರು.

ಬೆಕ್ಕಿನ ನಾಲಿಗೆಗೆ ಸಿಹಿ ಗೊತ್ತಿಲ್ಲ. ಸಿಹಿ ಹಿಡಿಯುವ ವಂಶವಾಹಿ ಅದರಲ್ಲಿ ಕೆಟ್ಟು ನಿಂತಿದೆ. ಧಾರವಾಡಕ್ಕೆ ಹೋಗುತ್ತೇವೆ ಎಂದರೆ ಎಲ್ಲರೂ ಪೇಢಾ ನೆನೆದರು. ನಾಲ್ವರು ಸುಮ್ಮನಿದ್ದರು.

ಮನೆ ಒಪ್ಪಿಸುವಾಗ ಫ್ಯಾನು, ಬಲ್ಬು, ನಲ್ಲಿ ಎಣಿಸಿ ಬರೆದುಕೊಳ್ಳುತ್ತಾರೆ. ಬಾಗಿಲ ಹಿಂದೆ ಮಗನ ಎತ್ತರ ಗುರುತಿಸಿದ ಪೆನ್ಸಿಲ್ ಗೆರೆಗಳನ್ನು ಎಣಿಸುವ ಕಾಲಂ ಇಲ್ಲ. ಕೊನೆಯ ಗೆರೆ ಐದಡಿ ಎಂಟಂಗುಲ. ಆಮೇಲೆ ಅವನು ಹಾಸ್ಟೆಲಿಗೆ ಹೋದ.

ನೆರೆಯವರು ಕೊನೆಯ ವಾರದಲ್ಲಿ ಎಂದೂ ಇಲ್ಲದಷ್ಟು ಒಳ್ಳೆಯವರಾಗುತ್ತಾರೆ. ರೊಟ್ಟಿ ಬರುತ್ತದೆ, ಪಲ್ಯ ಬರುತ್ತದೆ. ಇಷ್ಟು ದಿನ ನಡುವೆ ಇದ್ದದ್ದು ಬರಿಯ ಗೋಡೆ ಎಂದು ಗೋಡೆ ಬಿಡುವಾಗ ತಿಳಿಯುತ್ತದೆ.

"ಅಕ್ಕಾರ, ಬೆಕ್ಕ್ ಇಲ್ಲೇ ಬಿಟ್ ಹೋಗ್ರಿ, ಹೆಂಗರ ಬದುಕ್ತಾವ" ಎಂದ ಲಾರಿಯವನು. ಅವನ ಮಾತು ನಿಜ. ಬದುಕುವ ಚಿಂತೆ ಬೆಕ್ಕುಗಳದ್ದಾಗಿರಲಿಲ್ಲ.

ಹಳಬರು ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ಊರಾಚೆ ಬಿಡುತ್ತಿದ್ದರು, ದಾರಿ ತಿಳಿಯದಿರಲೆಂದು. ಚೀಲ ಖಾಲಿ ಹಿಡಿದು ಮನೆಗೆ ಬಂದರೆ ಬೆಕ್ಕು ಕಟ್ಟೆಯ ಮೇಲೆ ಕೂತಿರುತ್ತಿತ್ತು. ಕಣ್ಣು ಕಟ್ಟಿದವರು ದಾರಿ ಕಣ್ಣಿನಲ್ಲಿದೆ ಎಂದು ನಂಬಿದ್ದರು.

ಬುಟ್ಟಿಯಲ್ಲಿ ಹಳೆಯ ಸ್ವೆಟರಿನ ಒಂದು ತೋಳು ಹಾಸಿದರೆ ಬೆಕ್ಕು ಪ್ರಯಾಣದಲ್ಲಿ ಕಡಿಮೆ ಅರಚುತ್ತದೆ. ತೊಳೆಯದ ತೋಳಾಗಿರಬೇಕು.

ಪ್ರಯಾಣಕ್ಕೆ ಹೆಣಿಗೆ ಚೀಲವನ್ನು ಲಾರಿಗೆ ಹಾಕುವುದಿಲ್ಲ, ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಚಿನ್ನವನ್ನು ಗಂಡನ ಚೀಲದಲ್ಲಿ ಹಾಕಿದವಳೂ ಇದನ್ನು ತಾನೇ ಹಿಡಿದಳು.

ಸಾಲಿನ ನಡುವೆ ಕೆಲಸ ನಿಲ್ಲಿಸಬಾರದು, ಮರಳಿ ಕೂತಾಗ ಸೀದಾ ಯಾವುದು ಉಲ್ಟಾ ಯಾವುದು ತಿಳಿಯುವುದಿಲ್ಲ. ಲಾರಿಯ ಹಾರ್ನು ಸಾಲು ನೋಡಿ ಬಾರಿಸುವುದಿಲ್ಲ.

ಖಾಲಿ ಮನೆಯಲ್ಲಿ ದನಿ ದೊಡ್ಡದಾಗುತ್ತದೆ. ಇಷ್ಟು ವರ್ಷ ಮನೆಯ ಮೌನವನ್ನು ಹಿಡಿದಿಟ್ಟದ್ದು ಪರದೆ, ಹಾಸಿಗೆ, ಉಲನ್ ತುಂಬಿದ ನಾಗಂದಿಗೆ.

ಬುಟ್ಟಿ ನಾಲ್ಕಿದ್ದವು. ಮೂರು ಬಣ್ಣದ್ದು ಅರಚಿತು, ಒಳಗೆ ಹೋಯಿತು. ಕರಿಯದು ಅರಚದೆ ಹೋಯಿತು. ಕಂದು ಬಣ್ಣದ ಗಂಡು ಕೈ ಪರಚಿ ಹೋಯಿತು. ಬೂದಿ ಬಣ್ಣದ್ದು ನೀರಿನ ಟಾಕಿಯ ಮೇಲೆ ಕೂತು ನೋಡಿತು. ಒಂದು ತಾಸು ಕಾದರು. ಲಾರಿಯವನು ಎರಡು ಸಲ ಬೀಡಿ ಹಚ್ಚಿದ. ನಾಲ್ಕನೆಯ ಬುಟ್ಟಿಯಲ್ಲಿ ತುಳಸಿ ಹೋಯಿತು.

ಕ್ವಾರ್ಟರ್ಸಿಗೆ ಹೊಸದಾಗಿ ಬರುವವರೇ, ಹಿತ್ತಲ ಬಾಗಿಲ ಬಳಿ ಒಂದು ಅಲ್ಯೂಮಿನಿಯಂ ಬಟ್ಟಲಿದೆ. ತೆಗೆಯಬೇಡಿ. ಹಾಲು ಬೇಡ, ನೀರು, ಒಂದು ತುತ್ತು ಮೊಸರನ್ನ ಸಾಕು. ಬೂದಿ ಬಣ್ಣದ್ದು ಸಂಜೆ ಆರಕ್ಕೆ ಬರುತ್ತದೆ.